ಹೆಬ್ಬೂರಿನಲ್ಲಿ ಕುದಿಯುವ ಕಾರು

ಬಟವಾಡಿ, ತುಮಕೂರು
೧೪-೧೦-೧೯೮೪, ಭಾನುವಾರ

ಸೌಭಾಗ್ಯವತಿ ಸರ್ವಮಂಗಳೆಗೆ,

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಹಳೆಯ ಕಾರು ಕೊಂಡು ಹೊಸ ಚಿಂತೆ ತಂದುಕೊಂಡ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಸಮಸ್ತ ಮಹನೀಯರೇ. ಇಂದಿನ ಉಪನ್ಯಾಸದ ವಿಷಯ: ಬೇರೆಯವರು ಓಡಿಸಿ ಬಿಟ್ಟ ಕಾರು ನಮ್ಮ ಮನೆಗೆ ಬಂದ ಮೇಲೆ ಕೊಡುವ ಕಾಟಗಳು ಮತ್ತು ಅವುಗಳ ನಿವಾರಣೆ. ಸಭಿಕರು ದಯವಿಟ್ಟು ನಡುವೆ ಎದ್ದು ಹೋಗಬಾರದು.

ಸಭಿಕಳು ನೀನೊಬ್ಬಳೇ, ಮಂಗಳಾ. ಬುಧವಾರ ನಿನ್ನ ಕಾರ್ಡು ಬಂತು. ನೀನು ಕುಣಿಗಲ್ಲಿನ ತವರಿನಲ್ಲಿ ಉಳಿದು ಏಳೂವರೆ ತಿಂಗಳಾದ ಮೇಲೆ ಬರೆದ ಮೊದಲ ಕಾಗದ. ಅದರಲ್ಲಿದ್ದದ್ದು ಎರಡೇ ಪದ: “ಕಾರಿಗೆ ಏನಾಗಿದೆ?” ವಿಳಾಸವೇ ಅದಕ್ಕಿಂತ ಉದ್ದವಿತ್ತು. ಕಚೇರಿಯಲ್ಲಿ ಫೈಲಿನ ಕೆಳಗಿಟ್ಟುಕೊಂಡು ಹತ್ತು ಸಲ ಓದಿದೆ. ನೀನು ಕೇಳಿದ್ದು ನ್ಯಾಯವೇ. ಕಾರಿನಲ್ಲಿ ಬಂದು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ ಅಂತ ನಾಲ್ಕು ಸಲ ಬರೆದೆ. ದಾರಿಯಲ್ಲಿ ಕೆಟ್ಟಿತು, ಬರಲಾಗಲಿಲ್ಲ ಅಂತಲೂ ನಾಲ್ಕು ಸಲ ಬರೆದೆ. ಆದ್ದರಿಂದ ಈ ಸವಿಸ್ತಾರವಾದ ಉತ್ತರ.

ಕಾರನ್ನು ಕೊಟ್ಟವರು ಗುಬ್ಬಿಯ ತೆಂಗಿನಕಾಯಿ ವ್ಯಾಪಾರಿ ಅಣ್ಣಯ್ಯಪ್ಪನವರು. ಬೂದು ಬಣ್ಣ, ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಹದಿನೆಂಟು ವರ್ಷ ವಯಸ್ಸು. ಅಂದರೆ ನಮ್ಮ ಮದುವೆಗಿಂತ ಒಂದು ವರ್ಷ ಚಿಕ್ಕದು. ಹಿಂದಿನ ಸೀಟಿನ ಸಂದಿಯಲ್ಲಿ ಈಗಲೂ ತೆಂಗಿನ ನಾರು ಸಿಗುತ್ತದೆ. ಬೀಗದ ಕೈ ಕೊಡುವಾಗ ಅವರು ಮಗಳನ್ನು ಒಪ್ಪಿಸುವವರ ಹಾಗೆ ಕಣ್ಣು ಒರೆಸಿಕೊಂಡರು. ಮಾರನೆಯ ಬೆಳಿಗ್ಗೆ ಅದು ಸ್ಟಾರ್ಟ್ ಆಗದೆ ನಿಂತಾಗ, ಅವರು ಒರೆಸಿಕೊಂಡದ್ದು ನಗು ತಡೆದ ಕಣ್ಣೀರೋ ಏನೋ ಅನ್ನಿಸಿತು.

ಬಟವಾಡಿಯ ಜನ ಒಳ್ಳೆಯವರು. ಬೆಳಿಗ್ಗೆ ಹಾಲಿಗೆ ಹೊರಟವರೆಲ್ಲ ಒಂದೊಂದು ಕೈ ಕೊಟ್ಟು ತಳ್ಳಿದರು. ತಳ್ಳಿದರೆ ಓಟ, ತಳ್ಳದಿದ್ದರೆ ನೋಟ, ಇದು ನಮ್ಮ ದಿನದ ಪಾಠ. ಇದಕ್ಕೆ ನಿವಾರಣೆ ಬ್ಯಾಟರಿಯಲ್ಲಿದೆ. ಅದರ ತುದಿಗಳಲ್ಲಿ ಬಿಳಿಯ ಉಪ್ಪು ಕಟ್ಟಿರುತ್ತದೆ. ಬಿಸಿನೀರು ಹುಯ್ದು, ಹಳೆಯ ಬ್ರಷ್ಷಿನಲ್ಲಿ ತಿಕ್ಕಿ, ಒಣಗಿಸಿ, ಗ್ರೀಸು ಹಚ್ಚಬೇಕು. ಬಚ್ಚಲುಮನೆಯ ಗೂಡಿನಿಂದ ನಿನ್ನ ಹಲ್ಲುಜ್ಜುವ ಬ್ರಷ್ಷು ತೆಗೆದುಕೊಂಡೆ. ಮತ್ತೆ ಅಲ್ಲೇ ಇಟ್ಟು, ನನ್ನದರಲ್ಲಿ ತಿಕ್ಕಿದೆ.

ಮಳೆ ಬಂದರೆ ಕಾಲ ಬಳಿ ನೀರು ನಿಲ್ಲುತ್ತದೆ. ಗಾಜಿನ ಸುತ್ತ ಇರುವ ರಬ್ಬರು ಬಿರುಕು ಬಿಟ್ಟಿತ್ತು, ಬದಲಾಯಿಸಿದ್ದಾಯಿತು. ಬ್ರೇಕು ಮೆತ್ತಗಿತ್ತು, ಅದರ ಎಣ್ಣೆ ಸೋರುತ್ತಿದ್ದ ಜಾಗ ಹಿಡಿದದ್ದು ಮೆಕ್ಯಾನಿಕ್ ಕದರಯ್ಯ. ನಲವತ್ತೈದನೇ ವಯಸ್ಸಿನಲ್ಲಿ ನನಗೆ ಕಾರು ಓಡಿಸಲು ಕಲಿಸಿದ ಪುಣ್ಯಾತ್ಮನೂ ಅವನೇ. ಎಡಗಡೆಯ ಮುಂದಿನ ಬಾಗಿಲು, ಅಂದರೆ ನಿನ್ನದು, ಒಳಗಿನಿಂದ ತೆರೆಯುವುದಿಲ್ಲ. ಐದು ನಿಮಿಷದ ಕೆಲಸ ಅಂದ ಕದರಯ್ಯ. ಬೇಡ ಅಂದೆ. ನಾನೇ ಇಳಿದು, ಸುತ್ತಿ ಬಂದು ತೆರೆಯುತ್ತೇನೆ.

ಇನ್ನು ಮುಖ್ಯ ವಿಷಯ. ಕಾರು ಕುದಿಯುತ್ತದೆ. ಎಲ್ಲೆಂದರಲ್ಲಿ ಅಲ್ಲ, ಹೆಬ್ಬೂರಿನಲ್ಲಿ. ಗೂಳೂರಿನವರೆಗೆ ಸಾಧುವಾಗಿರುತ್ತದೆ. ಆಮೇಲೆ ಬಿಸಿ ತೋರಿಸುವ ಮುಳ್ಳು ಏರುತ್ತಾ ಏರುತ್ತಾ, ಹೆಬ್ಬೂರಿನ ಬಸ್ಸು ನಿಲ್ಲುವ ಜಾಗಕ್ಕೆ ಬರುವಷ್ಟರಲ್ಲಿ ಬಾನೆಟ್ಟಿನಿಂದ ಹಬೆ. ಅಲ್ಲಿ ಟೀ ಅಂಗಡಿಯ ಹನುಮಂತಮ್ಮ ಕೊಡದಲ್ಲಿ ನೀರು ಕೊಡುತ್ತಾಳೆ. ಸಭಿಕರ ಗಮನಕ್ಕೆ: ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬಾರದು. ಅರ್ಧ ಗಂಟೆ ಕಾದು, ಗೋಣಿತಟ್ಟು ಮುಚ್ಚಿ, ನಿಧಾನವಾಗಿ ತಿರುಗಿಸಬೇಕು. ನೀರು ತುಂಬಿದ ಮೇಲೆ ಕಾರು ಎಲ್ಲಿಗೆ ಬೇಕಾದರೂ ಹೋಗುತ್ತದೆ. ನಾನು ತುಮಕೂರಿನ ಕಡೆ ತಿರುಗಿಸುತ್ತೇನೆ.

ಮೂರನೆಯ ಸಲ ಹನುಮಂತಮ್ಮನಿಗೆ ತಡೆಯಲಾಗಲಿಲ್ಲ.

“ಎಲ್ಡು ಕೊಡ ನೀರು ಕುಡೀತು, ಇನ್ನೂ ಹಿಂದಕ್ಕೇ ಹೊಂಟ್ರಲ್ಲ ಸ್ವಾಮಿ. ಕುಣಿಗಲ್ನಾಗೆ ಹುಲಿ ಐತಾ?”

ಅರ್ಜೆಂಟು ಕೆಲಸ ನೆನಪಾಯಿತು ಅಂದೆ. ಭಾನುವಾರದ ದಿನ ಸರ್ಕಾರಿ ಗುಮಾಸ್ತನಿಗೆ ಅದೇನು ಅರ್ಜೆಂಟೋ ಅಂತ ಗೊಣಗಿಕೊಂಡು ಕೊಡ ಒಳಗೆ ತೆಗೆದುಕೊಂಡು ಹೋದಳು.

ಕುದಿಯುವುದಕ್ಕೆ ಕಾರಣ ಪತ್ತೆ ಮಾಡಿದವನೂ ಕದರಯ್ಯನೇ. ರೇಡಿಯೇಟರು ಬಿಚ್ಚಿ ತೊಳೆದ. ಬೆಲ್ಟು ಬಿಗಿ ಮಾಡಿದ. ಗುಬ್ಬಿಗೆ ಹೋಗಿಬಂದರೆ ತಣ್ಣಗಿರುವ ಇಂಜಿನ್ನು ಕುಣಿಗಲ್ ಹಾದಿಯಲ್ಲೇ ಯಾಕೆ ಕುದಿಯುತ್ತದೆ, ರೇಡಿಯೇಟರಿಗೆ ಊರು ಗೊತ್ತಾಗುತ್ತದಾ ಅಂತ ತಲೆ ಕೆರೆದುಕೊಂಡ. ಕೊನೆಗೆ ಜಾಲರಿಯೊಳಗೆ ಬೆರಳು ಹಾಕಿ, ಬೆಂದುಹೋದ ಚೆಂಡು ಹೂವಿನ ದಳಗಳನ್ನು ಹಿಡಿ ತುಂಬ ಎಳೆದು ತೆಗೆದ.

ಹೊಸದಾಗಿ ಮನೆಗೆ ಬಂದ ಗಾಡಿ, ಮನೆಯೊಡತಿ ಹತ್ತುವವರೆಗೂ ಪೂಜೆ ಮುಗಿದಂತಲ್ಲ. ಹಾಗಂದುಕೊಂಡು ಕುಣಿಗಲ್ಲಿಗೆ ಹೊರಟಾಗಲೆಲ್ಲ ತೊಡೆಗಾತ್ರದ ಹಾರ ಕೊಂಡು ಕಾರಿನ ಮೂತಿಗೆ ಅಡ್ಡ ಕಟ್ಟುತ್ತಿದ್ದೆ.

“ಮೂಗು ಮುಚ್ಚಿದ್ರೆ ಮನ್ಸಾನೇ ಬದ್ಕಲ್ಲ, ಇದು ಹೆಂಗ್ ಸ್ವಾಮಿ ಕುಣಿಗಲ್‌ಗಂಟ ಹೋಯ್ತದೆ?” ಅಂದ ಕದರಯ್ಯ. “ಹಾರ ತೆಗೀರಿ, ತಲುಪ್ತೀರಿ.”

ಇಲ್ಲಿಗೆ ಉಪನ್ಯಾಸ ಮುಗಿಯಬೇಕಿತ್ತು. ಆದರೆ ಅವನು ಹಾಗಂದದ್ದು ಎರಡನೆಯ ಭಾನುವಾರ ಕಳೆದ ಮೇಲೆ. ಹಾಗಾದರೆ ಮೂರನೆಯ ಸಲ ಯಾಕೆ ಕುದಿಯಿತು, ನಾಲ್ಕನೆಯ ಸಲ ಯಾಕೆ ಕುದಿಯಿತು ಅಂತ ನೀನು ಕೇಳುತ್ತೀಯ. ನಾನು ಮತ್ತೆ ಕಟ್ಟಿದೆ. ಮೂರನೆಯದಕ್ಕಿಂತ ನಾಲ್ಕನೆಯದು ದಪ್ಪ.

ಹೆಬ್ಬೂರು ನನಗೆ ಹೊಸದಲ್ಲ, ನಿನಗೂ ಅಲ್ಲ. ಶಿವರಾತ್ರಿ ಕಳೆದ ಮೂರನೆಯ ದಿನ ನಿಮ್ಮವ್ವನಿಗೆ ಉಸಿರು ಕಟ್ಟುತ್ತಿದೆ, ನಿನ್ನ ಹೆಸರು ಕೂಗುತ್ತಿದ್ದಾರೆ ಅಂತ ಸುದ್ದಿ ಬಂತು. ಒಂದು ಟ್ಯಾಕ್ಸಿ ಮಾಡಿಬಿಡಿ ಅಂತ ನೀನು ಕೇಳಿದೆ. ಹತ್ತೊಂಬತ್ತು ವರ್ಷದಲ್ಲಿ ನೀನು ಬಾಯಿಬಿಟ್ಟು ಕೇಳಿದ್ದು ಅದೊಂದೇ. ನಾನು ಚಪ್ಪಲಿ ಹಾಕಿಕೊಳ್ಳುತ್ತಾ, “ನಾನೊಬ್ಬ ಬಡ ನೌಕರ, ನನಗೇಕೆ ಕಾರಿನ ಸಡಗರ” ಅಂದೆ. ಅಂದು, ಪ್ರಾಸ ಕೂಡಿತಲ್ಲ ಅಂತ ನಾನೇ ನಕ್ಕೆ. ನಿನ್ನ ಮುಖ ನೋಡಲಿಲ್ಲ.

ಬಸ್ಸಿನ ಚಕ್ರ ಪಂಕ್ಚರ್ ಆದದ್ದು ಹೆಬ್ಬೂರಿನಲ್ಲಿ. ಇನ್ನೊಂದು ಬಸ್ಸು ಬರುವವರೆಗೆ ಒಂದೂ ಕಾಲು ಗಂಟೆ ನೀನು ಕುಣಿಗಲ್ ಕಡೆ ಮುಖ ಮಾಡಿ ರಸ್ತೆಯಲ್ಲೇ ನಿಂತಿದ್ದೆ. ಟೀ ತಂದುಕೊಟ್ಟೆ, ಕೈಯಲ್ಲೇ ಆರಿತು. ನಾವು ಮನೆ ಸೇರುವಷ್ಟರಲ್ಲಿ ಅವ್ವನಿಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ನಾವು ಬರುವುದಕ್ಕೆ ಅರ್ಧ ಗಂಟೆ ಮುಂಚಿನವರೆಗೂ ಬಾಗಿಲ ಕಡೆ ನೋಡುತ್ತಿದ್ದರಂತೆ.

ನೀನು ಬೈಯಲಿಲ್ಲ, ಅಳುತ್ತಾ ದೂರಲೂ ಇಲ್ಲ. ಕಾರ್ಯವೆಲ್ಲ ಮುಗಿದು ನಾನು ಹೊರಡೋಣ ಅಂದಾಗ ಹೇಳಿದ್ದು ಇಷ್ಟೇ: “ನೀವು ಹೋಗಿ. ನಾನಿನ್ನು ಬಸ್ ಹತ್ತಲ್ಲ.”

ಅದಕ್ಕೇ ಕಾರು ಕೊಂಡೆ. ಕೊಂಡ ಮೇಲೆ ತಿಳಿಯಿತು, ಕಾರು ನಿನ್ನ ಬಾಗಿಲವರೆಗೆ ಬಂದರೆ ಅದರಿಂದ ಇಳಿಯಬೇಕಾದವನು ನಾನು. ಅವತ್ತು ಬಾರದ ಕಾರು ಈಗ ಬಂತಲ್ಲ ಅಂತ ನೀನು ಒಂದು ಸಲ ನೋಡಿದರೆ ಸಾಕು, ಮತ್ತೆ ನನಗೆ ತಲೆ ಎತ್ತಲಾಗದು. ಹೆಬ್ಬೂರಿನಲ್ಲಿ ಹಬೆ ಕಂಡಾಗಲೆಲ್ಲ ನನಗೆ ಬದುಕಿದೆ ಅನ್ನಿಸುತ್ತಿತ್ತು. ಬಟವಾಡಿಗೆ ಬಂದು ಬೀಗ ತೆಗೆದರೆ ಅಡುಗೆಮನೆಯಲ್ಲಿ ನೀನು ಬೋರಲು ಹಾಕಿಹೋದ ಎರಡು ಲೋಟ. ಒಂದನ್ನು ನಾನು ಇನ್ನೂ ಎತ್ತಿಲ್ಲ.

ಕಾರಿನ ರಿಪೇರಿ ಪೂರ್ತಿ ಮುಗಿದ ಮೇಲೆ ಬರುತ್ತೇನೆ. ಸಭಿಕರಿಗೆ ವಂದನೆ.

ಇಂತು ನಿನ್ನ
ಸದಾಶಿವಯ್ಯ

ವಿ. ಸೂ.: ಮೇಲೆ ಬಟವಾಡಿ ಅಂತ ಹಾಕಿದ್ದು ಸುಳ್ಳು. ಇದನ್ನೆಲ್ಲ ಕುಣಿಗಲ್ ಕೆರೆ ಏರಿಯ ಮೇಲೆ ಕಾರು ನಿಲ್ಲಿಸಿ, ಸ್ಟೀರಿಂಗಿಗೆ ರಟ್ಟು ಆನಿಸಿಕೊಂಡು ಬರೆದೆ. ಇವತ್ತು ಹೆಬ್ಬೂರಿನಲ್ಲಿ ನಿಲ್ಲಿಸಲಿಲ್ಲ. ಹನುಮಂತಮ್ಮ ಕೊಡ ಹಿಡಿದು ರಸ್ತೆಗೇ ಬಂದಿದ್ದಳು. ನಿನ್ನ ತಮ್ಮ ಗುರುಸಿದ್ದಯ್ಯ ತೋಟದಿಂದ ಬರುವಾಗ ಸಿಕ್ಕಿದ, ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಗಾಡಿ ಪೂಜೆ ಅಂದದ್ದೂ ಸುಳ್ಳು. ಆ ನಾಲ್ಕು ಹಾರವನ್ನೂ ಅವ್ವನ ಫೋಟೋಗೆ ಅಂತಲೇ ಕೊಂಡದ್ದು. ಅದನ್ನು ಹಿಡಿದು ನಿಮ್ಮ ಹೊಸ್ತಿಲು ದಾಟುವುದು ಹೇಗೆಂದು ತಿಳಿಯದೆ, ಹೂವಿನಂಗಡಿಯ ಮುಂದೆಯೇ ಕಾರಿಗೆ ಕಟ್ಟಿಬಿಡುತ್ತಿದ್ದೆ. ಐದನೆಯದನ್ನು ಕಟ್ಟಿಲ್ಲ. ಬಾಳೆ ಎಲೆಯಲ್ಲಿ ಸುತ್ತಿ ಹಿಂದಿನ ಸೀಟಿನ ಮೇಲೆ ಇಟ್ಟಿದ್ದೇನೆ. ಕಾರಿಗೆ ಏನೂ ಆಗಿಲ್ಲ, ಮಂಗಳಾ. ನನಗೆ ಹೆದರಿಕೆ.