ಹಗ್ಗದೊಳಗಿನ ತುಕ್ಕು

ಮನೆಯಿಂದ,
ಗುರುವಾರ, 14ನೇ ತಾರೀಖು, ಬೆಳಗ್ಗೆ

ಪ್ರೀತಿಯ ಇಲಿಮರೀ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ಸೇತುವೆಯ ಕಂಬಗಳ ಹೊಟ್ಟೆ ತುಂಬಿಸಿ ನೀನು ಬಿಸ್ಕತ್ತಿನಲ್ಲೇ ದಿನ ದೂಡುತ್ತಿದ್ದೀಯಾ? ಅರವತ್ತು ಜನರಿಗೆ ಕೆಲಸ ಹೇಳುವ ಇಂಜಿನಿಯರನ್ನು ಇನ್ನೂ ಇಲಿಮರಿ ಅನ್ನಬಾರದು ಅಂತ ನಿನ್ನಮ್ಮ ಗದರಿದಳು. ಲಕೋಟೆಯ ಮೇಲೆ ನಿನ್ನ ಸರಿಯಾದ ಹೆಸರನ್ನೇ ಬರೆದಿದ್ದೇನೆ, ಹೆದರಬೇಡ. ಅವಳ ಮೊಣಕೈ ನೋವು ಇಳಿದಿದೆ. ಕಪಾಟುಗಳನ್ನು ಮತ್ತೆ ಆ ಗೋಡೆಯಿಂದ ಈ ಗೋಡೆಗೆ ಜರುಗಿಸಲು ಶುರು ಮಾಡಿದ್ದಾಳೆ, ಅದೇ ಸಾಕ್ಷಿ. ಫೋನು ಹಿಡಿದರೆ ನನ್ನ ಬಾಯಿಗೆ ಬೀಗ ಬೀಳುತ್ತದೆ, ನಿನಗೆ ಗೊತ್ತೇ ಇದೆ. ಭಾನುವಾರ ಮೈ ಕಡೆ ಗಮನ ಇರಲಿ ಅಂದದ್ದಕ್ಕೆ ನೀನು, "ಆಗೋದು ಆಗುತ್ತೆ ಬಿಡಪ್ಪಾ, ಎಲ್ಲಾ ಅದೃಷ್ಟ" ಅಂದಾಗ ನಾನು ಹೂಂ ಅಂದು ಫೋನನ್ನು ಅಮ್ಮನ ಕೈಗೆ ದಾಟಿಸಿಬಿಟ್ಟೆ. ಆ ಹೂಂ ಮನಸ್ಸಿನಿಂದ ಬಂದದ್ದಲ್ಲ. ಅದಾದ ಎರಡೇ ದಿನಕ್ಕೆ ಒಂದು ಸಂಗತಿ ನಡೆಯಿತು. ಅದನ್ನು ಹೇಳಲೆಂದೇ ಕೂತಿದ್ದೇನೆ.

ಮಂಗಳವಾರ ನನಗೆ ರಜೆ. ಆದರೆ ನಮ್ಮ ಮೌನಿಗೆ ಹಲ್ಲುನೋವು ಬಂದು ದವಡೆ ಚೆಂಡಿನ ಹಾಗೆ ಊದಿಕೊಂಡಿತು. ನಿನಗೆ ನೆನಪಿರಬಹುದು, ಹದಿನೆಂಟು ವರ್ಷ ನನ್ನ ಜೊತೆ ಲಿಫ್ಟ್ ರಿಪೇರಿ ಮಾಡಿಯೂ ದಿನಕ್ಕೆ ಹತ್ತು ಮಾತು ದಾಟದ ಆಸಾಮಿ. ಅವನ ಪಾಲಿಗೆ ಬಂದಿದ್ದ ಎಂಟು ಮಹಡಿಯ ಕಟ್ಟಡಕ್ಕೆ ನಾನು ಹೋದೆ. ತಿಂಗಳಿಗೊಮ್ಮೆ ಮಾಡುವ ಮಾಮೂಲಿ ಕೆಲಸ. ತಾರಸಿಯ ಮೇಲಿನ ಮೋಟರು ಕೋಣೆಯಲ್ಲಿ ಎಣ್ಣೆ ಹಾಕಿದೆ, ಬ್ರೇಕು ನೋಡಿದೆ. ಕಣ್ಣಿಗೆ ಎಲ್ಲವೂ ಸರಿಯಾಗಿತ್ತು. ಪುಸ್ತಕದಲ್ಲಿ ಸಹಿ ಮಾಡಿ ಮನೆಗೆ ಬಂದಿದ್ದರೆ ಯಾಕಯ್ಯಾ ಅನ್ನುವವರಿರಲಿಲ್ಲ. ಆದರೂ ಲಿಫ್ಟನ್ನು ಆಮೆಯ ಹಾಗೆ ಇಳಿಸುತ್ತಾ ಒಂದೊಂದು ಹಗ್ಗಕ್ಕೂ ಹತ್ತಿ ಬಟ್ಟೆ ಸುತ್ತಿ ಹಿಡಿದೆ. ಹಗ್ಗವೆಂದರೆ ಉಕ್ಕಿನದು, ಕೂದಲಿನಂಥ ತಂತಿಗಳನ್ನು ಹೊಸೆದು ಮಾಡಿದ್ದು. ಎಲ್ಲೋ ಒಂದು ತಂತಿ ತುಂಡಾಗಿದ್ದರೆ ಕಣ್ಣಿಗೆ ಕಾಣದಿದ್ದರೂ ಬಟ್ಟೆಯ ನೂಲಿಗೆ ಸಿಕ್ಕುತ್ತದೆ. ನನ್ನ ಮೇಸ್ತ್ರಿ ಕಲಿಸಿದ್ದು. ಮೂರನೇ ಹಗ್ಗದಲ್ಲಿ ನೂಲು ಸಿಕ್ಕಿಕೊಂಡಿತು. ಒಂದು ಕಡೆಯಲ್ಲ, ಒಂಬತ್ತು ಕಡೆ. ನಾನು ಲಿಫ್ಟ್ ನಿಲ್ಲಿಸಿ ಮೋಟರು ಕೋಣೆಗೆ ಬೀಗ ಜಡಿದೆ.

ಆ ಕಟ್ಟಡದ ಸೆಕ್ರೆಟರಿ ನಿವೃತ್ತ ಹೆಡ್ ಮೇಡಂ. ಅವರು ಕೆಮ್ಮಿದರೆ ಮೆಟ್ಟಿಲೂ ಸಾಲಾಗಿ ನಿಲ್ಲಬೇಕು. ಅವರ ಯಜಮಾನರಿಗೆ ಮಂಡಿಯ ಆಪರೇಷನ್ ಆಗಿದೆ, ಏಳನೇ ಮಹಡಿಯಲ್ಲಿ ವಾಸ, ದಿನಾ ಆಸ್ಪತ್ರೆಗೆ ಹೋಗಿ ವ್ಯಾಯಾಮ ಮಾಡಿಸಬೇಕು. ಇಷ್ಟು ವರ್ಷ ಏನೂ ಆಗಿಲ್ಲ, ಹೊಸ ಹಗ್ಗ ಬರುವ ತನಕ ಓಡಲಿ, ಇನ್ನೆರಡು ದಿನದಲ್ಲಿ ಏನು ಮುಳುಗಿಹೋಗುತ್ತದೆ ಅಂತ ಪಟ್ಟು ಹಿಡಿದರು. ನಮ್ಮ ಆಫೀಸಿಗೂ ಫೋನು ಮಾಡಿದರು. ನಿವೃತ್ತಿಗೆ ಮೂರು ತಿಂಗಳಿರುವಾಗ ಸುಮ್ಮನೆ ಗುಲ್ಲೆಬ್ಬಿಸಿದ ಅನ್ನಿಸಿಕೊಂಡರೆ? ಆದರೂ ಹೇಳಿದೆ: "ಮೇಡಂ, ಸಾಹೇಬರನ್ನ ಬೇಕಾದರೆ ನಾನೇ ಕುರ್ಚಿಯಲ್ಲಿ ಹೊತ್ತು ಇಳಿಸ್ತೀನಿ. ಬೀಗದ ಕೈ ಮಾತ್ರ ಕೇಳಬೇಡಿ."

ಆಡಿದ ಮಾತು ಉಳಿಸಿಕೊಳ್ಳಬೇಕಲ್ಲ. ನಿನ್ನೆ ಬೆಳಗ್ಗೆ ನಾನೂ ವಾಚ್‌ಮನ್ನೂ ಸೇರಿ ಹೊತ್ತೆವು. ಸಾಹೇಬರು ಒಂದೊಂದು ಮಹಡಿಯಲ್ಲೂ ಬಾಗಿಲಿಗೆ ಬಂದವರಿಗೆ ಕೈಮುಗಿಯುತ್ತಾ, ಕ್ಷೇಮ ವಿಚಾರಿಸುತ್ತಾ, ಗೆದ್ದ ಮಂತ್ರಿಯ ಹಾಗೆ ಇಳಿದರು. ನನ್ನ ಸೊಂಟ ಅವರಿಗೆ ವೋಟು ಹಾಕಿಲ್ಲ.

ಮಧ್ಯಾಹ್ನ ಹೊಸ ಹಗ್ಗ ಬಂತು. ಹಳೆಯದನ್ನು ಇಳಿಸಿ, ತಾರಸಿಯ ಮೇಲೆ ಎಲ್ಲರ ಮುಂದೆ ಕತ್ತರಿಸಿ ಹೊಸೆತ ಬಿಚ್ಚಿದೆ. ಒಳಗಿನಿಂದ ಇಟ್ಟಿಗೆ ಪುಡಿಯಂಥ ತುಕ್ಕು ಬೊಗಸೆಯಷ್ಟು ಸುರಿಯಿತು. ಅರ್ಧಕ್ಕರ್ಧ ತಂತಿಗಳು ಬೆರಳಲ್ಲಿ ಮುರಿದವು. ಹೆಡ್ ಮೇಡಂ ಬಗ್ಗಿ ಆ ಪುಡಿಯನ್ನು ಮುಟ್ಟಿ ನೋಡಿದರು. ಬೆರಳನ್ನು ಸೆರಗಿಗೆ ಒರೆಸಿಕೊಂಡು, "ನಮ್ಮ ಅದೃಷ್ಟ, ನೀವು ಬಂದ್ರಿ" ಅಂದರು. ಅಲ್ಲಿಗೆ ದವಡೆಗೆ ಪಟ್ಟಿ ಸುತ್ತಿಕೊಂಡು ಮೌನಿಯೂ ಬಂದಿದ್ದ. "ಹೋದ ತಿಂಗಳು ನಾನೂ ಬಟ್ಟೆ ಹಿಡಿದಿದ್ದೆ," ಅಂದ, "ಆಗ ಒಂದು ನೂಲೂ ಸಿಕ್ಕಿರಲಿಲ್ಲ." ಅವನು ಸುಳ್ಳು ಹೇಳುವವನಲ್ಲ. ಅಂದರೆ ಮಂಗಳವಾರ ನನ್ನ ಬದಲು ಅವನೇ ಬಂದಿದ್ದರೂ ಹಗ್ಗ ಸಿಕ್ಕಿಬೀಳುತ್ತಿತ್ತು. ಅವನ ಹಲ್ಲುನೋವಿಗೆ ಇದರಲ್ಲಿ ಯಾವ ಪಾತ್ರವೂ ಇಲ್ಲ.

ಎಲ್ಲವೂ ನಮ್ಮ ಕೈಯಲ್ಲಿದೆ ಅಂತ ಎದೆ ತಟ್ಟಿಕೊಳ್ಳುವವನಲ್ಲ ನಾನು. ಎಲ್ಲ ಸರಿಯಾಗಿ ಮಾಡಿಯೂ ನನ್ನ ಮೇಸ್ತ್ರಿ ಎರಡು ಬೆರಳು ಕಳೆದುಕೊಂಡರು. ಯಾವ ತಂತಿ ಯಾವತ್ತು ತುಂಡಾಗುತ್ತದೆ ಅನ್ನುವುದನ್ನು ನೀನು ಅದೃಷ್ಟ ಅನ್ನು, ಹಣೆಬರಹ ಅನ್ನು, ನನ್ನ ತಕರಾರಿಲ್ಲ. ತುಂಡಾದದ್ದನ್ನು ಹೊತ್ತು ಮೀರುವ ಮುಂಚೆ ತಿಳಿದುಕೊಳ್ಳುವುದಿದೆಯಲ್ಲ, ಅದು ಮನುಷ್ಯನ ಕೆಲಸ. ಮೂವತ್ತೊಂದು ವರ್ಷ ನನ್ನನ್ನು ಜನ ಅದೃಷ್ಟವಂತ ಅಂದಿದ್ದಾರೆ, ನಾನು ನೋಡಿಕೊಂಡ ಲಿಫ್ಟ್ ಒಂದೂ ಬಿದ್ದಿಲ್ಲವೆಂದು. ನನಗೆ ಒಳಗೊಳಗೇ ನಗು ಬರುತ್ತದೆ.

ಕಂಬಗಳ ಹಾಗೆ ನೀನೂ ನೆಟ್ಟಗೆ, ತಂಪಾಗಿರು ಮಗಳೇ. ನಿನ್ನ ಕೋಣೆಯಲ್ಲಿ ಜೊತೆಗಿರುವ ಹುಡುಗಿಗೂ ನನ್ನ ಆಶೀರ್ವಾದ ತಿಳಿಸು.

ಇಂತಿ ನಿನ್ನ,
ಎಣ್ಣೆ ಕೈಯ ಅಪ್ಪ

ಮರೆತದ್ದು: ಮರೆತದ್ದಲ್ಲ, ಬರೆಯಲು ಈಗ ಧೈರ್ಯ ಬಂತು. ನಿನ್ನ ಕಂಕುಳಿನ ಗಂಟಿನ ವಿಷಯ ಅಮ್ಮ ಹೇಳಿದಳು. ಅಪ್ಪನಿಗೆ ಹೇಳಬೇಡ ಅಂದಿದ್ದೆಯಂತೆ, ಅವಳ ಮೇಲೆ ಸಿಟ್ಟಾಗಬೇಡ, ಒಬ್ಬಳೇ ಹೊರಲಾರದೆ ಹೇಳಿದ್ದಾಳೆ. ಸೇತುವೆ ಮುಗಿದ ಮೇಲೆ ತೋರಿಸುತ್ತೇನೆ ಅನ್ನುವ ಮಾತು ಬೇಡ. ಈ ಕಾಗದ ಶನಿವಾರ ನಿನಗೆ ಸಿಗುತ್ತದೆ, ಭಾನುವಾರ ಸಂಜೆಯ ಬಸ್ಸಿಗೆ ನಾನೇ ಬರುತ್ತೇನೆ. ಸೋಮವಾರ ಹತ್ತು ಗಂಟೆಗೆ ನಿನ್ನೂರಿನ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ನಿನಗೆ ಮುಜುಗರವಾದರೆ ನಾನು ಹೊರಗಿನ ಬೆಂಚಿನ ಮೇಲೆ, ಯಾರೋ ಅನ್ನುವ ಹಾಗೆ ಪೇಪರ್ ಓದುತ್ತಾ ಕೂತಿರುತ್ತೇನೆ. ನೀನು ಹೊರಗೆ ಬಂದು ಕರೆಯುವ ತನಕ ತಲೆ ಎತ್ತುವುದಿಲ್ಲ.