ಗೋಪುರದ ತುದಿಯಲ್ಲಿ ನಿಮ್ಮ ತಮ್ಮ

ನೈರೋಬಿ
ಭಾನುವಾರ, 16-2-2014

ಪ್ರೀತಿಯ ಅತ್ತಿಗೆ,

ನಮಸ್ಕಾರ ಹೇಳಿ ನೇರವಾಗಿ ದೂರಿಗೇ ಬರುತ್ತೇನೆ. ನಿಮ್ಮ ತಮ್ಮನಿಗೆ ಎತ್ತರ ಕಂಡರೆ ಭಯ ಎಂದು ಮದುವೆಗೆ ಮೊದಲು ನೀವ್ಯಾರೂ ಬಾಯಿಬಿಡಲಿಲ್ಲ. ಹನ್ನೆರಡು ವರ್ಷದ ಮೇಲೆ ಇವತ್ತು ಗೊತ್ತಾಯಿತು.

ಬೆಂಗಳೂರಿನ ಶಾಲೆ ಬಿಡಿಸಿ ಇಲ್ಲಿಗೆ ಕರೆತಂದ ಸಿಟ್ಟಿಗೆ ನಮ್ಮ ಜಾಹ್ನವಿ ಒಂದು ತಿಂಗಳಿಂದ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಅವಳನ್ನು ಒಲಿಸಿಕೊಳ್ಳಲು ಇವರು ಊರು ತೋರಿಸುತ್ತೇನೆಂದು ಹೊರಡಿಸಿದರು. ಬೆಳಿಗ್ಗೆ ರೈಲ್ವೆ ಮ್ಯೂಸಿಯಂನಲ್ಲಿ ಹಳೆಯ ಉಗಿ ಎಂಜಿನ್‌ಗಳನ್ನು ನೋಡಿದೆವು. ಆಗಲೂ ಅವಳ ಬಾಯಿ ಬಿಗಿದೇ ಇತ್ತು. ಮಧ್ಯಾಹ್ನ ಈ ಕಾರ್ಡಿನ ಚಿತ್ರದಲ್ಲಿರುವ ಗೋಪುರ ಹತ್ತಿದೆವು, ಇಪ್ಪತ್ತೆಂಟು ಮಹಡಿ. ತುದಿಯ ತಾರಸಿಗೆ ಕಾಲಿಟ್ಟದ್ದೇ ಇವರು ಬಾಗಿಲ ಚೌಕಟ್ಟನ್ನು ತಬ್ಬಿಕೊಂಡು ಕಣ್ಣು ಮುಚ್ಚಿದರು. ಕಾವಲುಗಾರ "ಪೋಲೆ ಪೋಲೆ", ಅಂದರೆ ನಿಧಾನ ನಿಧಾನ, ಎನ್ನುತ್ತಾ ಬೆನ್ನು ಸವರಿದ. ನನಗೆ ನಗು ತಡೆಯಲಾಗಲಿಲ್ಲ.

ಜಾಹ್ನವಿ ನಗಲಿಲ್ಲ. ಹೋಗಿ ಅಪ್ಪನ ಕೈ ಹಿಡಿದಳು. "ಕಣ್ ಬಿಡ್ಬೇಡಪ್ಪ, ಏನೇನ್ ಕಾಣ್ಸತ್ತೆ ಅಂತ ನಾನೇ ಹೇಳ್ತೀನಿ" ಅಂದಳು. ಕೆಳಗೆ ಓಡುವ ಬಣ್ಣಬಣ್ಣದ ಮಟಾಟು ವ್ಯಾನುಗಳು, ರೈಲು ನಿಲ್ದಾಣ, ದೂರದ ಹುಲ್ಲುಗಾವಲು, ಯಾವುದನ್ನೂ ಬಿಡದೆ ಅರ್ಧ ಗಂಟೆ ವರ್ಣಿಸಿದಳು. ಅವರು ಹ್ಞೂಂಗುಟ್ಟುತ್ತಾ ಕೇಳಿದರು.

ಅವರ ಬಿ.ಪಿ. ಮಾತ್ರೆ ಏಪ್ರಿಲ್‌ವರೆಗೆ ಸಾಕು, ಕಳಿಸಬೇಡಿ. ಲಿಫ್ಟಿನಲ್ಲಿ ಇಳಿಯುವಾಗ ಬೆವರು ಒರೆಸಿಕೊಳ್ಳುತ್ತಾ, "ಮುಂದಿನ ಭಾನುವಾರಾನೂ ಬರೋಣ್ವಾ ಪುಟ್ಟಿ?" ಎಂದು ಅವರೇ ಕೇಳಿದರು.

ಜಾಗ ಮುಗಿಯಿತು.
ಊರ್ಮಿಳಾ