ಕೇದಗೆ ಕಿತ್ತ ದಡ

18-11-1985

ಮಾಸ್ತಿಯಲ್ಲಿರುವ ನನ್ನ ಶ್ಯಾಮಲಳಿಗೆ ಅಮ್ಮನ ಆಶೀರ್ವಾದ. ಊಟ ಸೇರುತ್ತಿದೆಯೇ? ಕಾಲು ಊದಿದ್ದರೆ ಮುಚ್ಚಿಡಬೇಡ.

ನಿನ್ನೆ ಕೆಟ್ಟ ಕನಸು ಬಿತ್ತು. ರೇಷ್ಮೆಹುಳು ಸೊಪ್ಪು ಮೇಯುವ ಸದ್ದು ನಿನಗೆ ಗೊತ್ತಲ್ಲ, ಸಣ್ಣಗೆ ಮಳೆ ಹಿಡಿದ ಹಾಗೆ. ಆ ಸದ್ದು ಕೇಳಿ, ಸೊಪ್ಪು ಹಾಕೋಣವೆಂದು ಎದ್ದರೆ ತಟ್ಟೆಗಳೆಲ್ಲ ಖಾಲಿ. ಸದ್ದು ಮಾತ್ರ ನಿಲ್ಲಲಿಲ್ಲ. ಬಗ್ಗಿ ಕಿವಿಯಿಟ್ಟೆ. ನೆಲದ ಕೆಳಗಿನಿಂದ ಬರುತ್ತಿತ್ತು. ಬೆಳಗ್ಗೆ ಎದ್ದವಳೇ ನಿನ್ನ ಹೆಸರಿನಲ್ಲಿ ಮುಡಿಪು ಕಟ್ಟಿಟ್ಟಿದ್ದೇನೆ.

ಶ್ಯಾಮಲ, ಹೆರಿಗೆಗೆ ಈ ತಿಂಗಳು ಹೊರಡಬೇಡ. ಹುಳು ಸಾಕಿದ್ದೇವೆ, ಹುಳು ಇರುವ ಮನೆಯಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ, ಬಸುರಿ ಮಗಳ ಬಾಯಿಗೆ ರುಚಿಯಾಗಿ ಏನು ಮಾಡಿ ಹಾಕಲಿ ಎಂದು ಅಮ್ಮ ಬರೆದಿದ್ದಾಳೆ ಅಂತ ನಿಮ್ಮ ಅತ್ತೆಗೆ ಹೇಳು. ಎಂಟರಲ್ಲಿ ಹೇಗೂ ಕಳಿಸುವುದಿಲ್ಲ. ಒಂಬತ್ತಕ್ಕೆ ಬಿದ್ದ ಮೇಲೆ ನಿಮ್ಮಪ್ಪ ಬಂದು ಕರೆದುಕೊಂಡು ಬರುತ್ತಾರೆ. ತವರಿನವರು ಬಾಣಂತನ ತಪ್ಪಿಸಿಕೊಂಡರು ಎಂದು ಅವರು ಆಡಿಕೊಳ್ಳುವ ಹಾಗಾಗಬಾರದು.

ಅತ್ತೆಗೆ ಇಷ್ಟೇ ಹೇಳು. ಮುಂದಿನದು ನಿನಗೊಬ್ಬಳಿಗೆ.

ಈ ಸಲ ಹೊಳೆ ಬಂತು. ಪಾಲಾರಿನಲ್ಲಿ ನೀನು ಮರಳು ನೋಡಿದವಳೇ ಹೊರತು ನೀರು ನೋಡಿದವಳಲ್ಲ. ಲಾರಿಯವರು ನಮ್ಮ ದಡದ ಬುಡದಲ್ಲೇ ಮರಳು ತೋಡಿ ಗುಂಡಿ ಮಾಡಿದ್ದರು. ನೀರೆಲ್ಲ ಗುಂಡಿಗೆ ತಿರುಗಿ ನಮ್ಮ ಕಡೆಗೇ ಹೊಡೆಯಿತು. ರೇಷ್ಮೆ ಸೊಪ್ಪಿನ ತೋಟ ಅಂಚಿನಿಂದ ಸಾಲು ಸಾಲಾಗಿ ಹೋಯಿತು. ನೀರು ಇಳಿದ ಮೇಲಾದರೂ ನಿಂತೀತು ಅಂದುಕೊಂಡರೆ ಇಲ್ಲ, ನೆನೆದ ದಡ ಬಿಸಿಲಿಗೆ ಬಿರುಕು ಬಿಟ್ಟು ತಾನಾಗಿ ಕಳಚಿ ಬೀಳುತ್ತದೆ. ಪಕ್ಕದ ಹೊಲದ ಗಂಗರತ್ನಮ್ಮನ ಬಾವಿ ಇತ್ತಲ್ಲ, ಸುತ್ತಲ ಮಣ್ಣು ಹೋಗಿ ಕಲ್ಲುಕಟ್ಟಡ ಒಂದೇ ಹೊಳೆಯೊಳಗೆ ಗೋಪುರದ ಹಾಗೆ ನಿಂತಿದೆ. ಅವರು ಸಾಮಾನು ಕಟ್ಟಿಕೊಂಡು ವಕ್ಕಲೇರಿಗೆ ಹೋದರು.

ಕೊಚ್ಚಿಹೋದ ಜಮೀನಿನ ಲೆಕ್ಕ ಬರೆದುಕೊಳ್ಳಲು ಶೇಕ್ದಾರರು ಬಂದು, "ಎಲ್ಲಪ್ಪಾ ನಿನ್ನ ಜಮೀನು, ತೋರ್ಸು" ಅಂದರು. ನಿಮ್ಮಪ್ಪ ಹೊಳೆ ಕಡೆ ಕೈ ಮಾಡಿ, "ಅಕೋ, ಆ ಬೆಳ್ಳಕ್ಕಿ ಕೂತೈತಲ್ಲ ಸ್ವಾಮಿ, ಅಲ್ಲಿಗಂಟ ನಂದೇ" ಅಂದರು. ಬಂದವರೆಲ್ಲ ನಕ್ಕರು. ನಿಮ್ಮಪ್ಪ ನಗಲಿಲ್ಲ.

ಮೇಲಿನ ಬೀದಿಯ ಅಂಜಮ್ಮ ಅಲ್ಲೇ ನಿಂತಿದ್ದಳು. ಅವಳ ನಾಲಿಗೆ ನಿನಗೆ ಗೊತ್ತು. "ಲಾರಿನೋರ್ನ ಬೈತೀಯಲ್ಲ ಆವಲಪ್ಪಣ್ಣ, ದಡದ ಕೇದಗೆ ಪೊದೇನ ಬುಡಸಮೇತ ಕಿತ್ತೋನು ಯಾರು? ನಿಮ್ಮ ತಾತ ಅದನ್ನ ಹೂವು ಮುಡ್ಕೊಳ್ಳೋಕೆ ನೆಟ್ಟಿದ್ನಾ?" ಅಂದಳು. ನಿಮ್ಮಪ್ಪ ದಡದ ಕಡೆಗೆ ನಡೆದುಬಿಟ್ಟರು.

ಯಾಕೆ ಕಿತ್ತರೆಂದು ಅಷ್ಟು ಜನರ ಮುಂದೆ ಹೇಗೆ ಹೇಳುತ್ತಾರೆ? ಆಷಾಢದಲ್ಲಿ ನೀನು ಬಸುರಿ ಎಂಬ ಸುದ್ದಿ ಬಂದ ವಾರವೇ ಆ ಪೊದೆಯಲ್ಲಿ ನಾಗರಹಾವು ಕಂಡಿತು. ನೀನು ಬಂದರೆ ಮಲಗುವ ಹಿಂದಿನ ಕೋಣೆಯ ಬಾಗಿಲು ಆ ಕಡೆಗೇ. ಮನೆಮಗಳು ಬಸುರಿಯಾಗಿರುವಾಗ ಹಾವು ಹೊಡೆಯುವ ಹಾಗಿಲ್ಲ. ಅದಕ್ಕೆ ಹಾವನ್ನು ಬಿಟ್ಟು ಪೊದೆ ಕಿತ್ತರು, ಒಂದು ಬೇರೂ ಉಳಿಯದ ಹಾಗೆ. ಹಾವು ಹೋಯಿತು, ಜೊತೆಗೆ ದಡದ ಹಿಡಿತವೂ ಹೋಯಿತು.

ನನ್ನಿಂದಾಯಿತು ಎಂದು ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಕಣೇ. ಲಾರಿಯವರು ತೋಡದಿದ್ದರೆ ಕೇದಗೆ ಇಲ್ಲದೆಯೂ ದಡ ನಿಲ್ಲುತ್ತಿತ್ತೇನೋ. ಇಲ್ಲವೇನೋ. ಮೂರನೇ ಕ್ಲಾಸು ಬಿಟ್ಟ ನನಗೆ ಏನು ತಿಳಿಯುತ್ತದೆ. ನಿಮ್ಮಪ್ಪ ಉಣ್ಣುತ್ತಾ ಉಣ್ಣುತ್ತಾ ಎದ್ದು ಹೋಗಿ ದಡ ನೋಡಿ ಬರುತ್ತಾರೆ. ಬಂದಾಗ ಅವರನ್ನು ಕೇದಗೆ ವಿಷಯ ಕೇಳಬೇಡ.

ಮನೆಗೆ ಏನೂ ಆಗಿಲ್ಲ. ದಡ ಇನ್ನೂ ದೂರವಿದೆ. ನೀನು ಹೊಟ್ಟೆ ತುಂಬ ಉಣ್ಣು, ಮಗ್ಗುಲಾಗಿ ಮಲಗು.

ನಿನ್ನ ಹೆತ್ತವಳು,
ಮುನಿಗಂಗಮ್ಮ

ಮರೆತಿದ್ದು: ಕವರು ಅಂಟಿಸಲು ಕೈ ಬರಲಿಲ್ಲ. ಮನೆಗೆ ಏನೂ ಆಗಿಲ್ಲವೆಂದು ಬರೆದದ್ದು ಸುಳ್ಳು. ನಿನಗೆಂದು ಸುಣ್ಣ ಬಳಿದಿಟ್ಟಿದ್ದ ಕೋಣೆ ಹೋದ ಶನಿವಾರ ಹೊಳೆಗೆ ಬಿತ್ತು. ಉಳಿದ ಮನೆಯೂ ಬಾಯಿ ಬಿಟ್ಟಿದೆ. ಹುಳುವೂ ಇಲ್ಲ, ಸೊಪ್ಪಿದ್ದರಲ್ಲವೇ ಸಾಕುವುದು. ನಾವು ಅಂಜಮ್ಮನ ಜಗುಲಿಯಲ್ಲಿದ್ದೇವೆ, ಬೈದವಳೇ ಕರೆದು ಜಾಗ ಕೊಟ್ಟಳು. ಚೊಚ್ಚಲು ತವರಿನಲ್ಲೇ ಆಗಬೇಕು ಎಂದು ನಿಮ್ಮಪ್ಪ ಮೇಲಿನ ರಾಗಿ ಹೊಲದಲ್ಲಿ ನಿನಗಾಗಿ ಒಂದು ಕೋಣೆಗೆ ಮಣ್ಣಿನ ಗೋಡೆ ಎಬ್ಬಿಸುತ್ತಿದ್ದಾರೆ. ಹಸಿ ಗೋಡೆಯ ತಂಡಿಯಲ್ಲಿ ಬಾಣಂತಿಯನ್ನು ಮಲಗಿಸಲಾಗದು, ಅದು ಆರಲು ದಿನ ಬೇಕು. ನೀನು ಏಳು ನಡೆಯುತ್ತಿದೆ ಎಂದು ಬರೆದೆ. ನಾನು ಎಣಿಸಿದರೆ ಎಂಟು ಬಿದ್ದಿದೆ. ನರ್ಸಮ್ಮನನ್ನು ಇನ್ನೊಂದು ಸಲ ಸರಿಯಾಗಿ ಕೇಳಿ, ಕೂಡಲೇ ಬರೆ.